ಗುಡದಪ್ಪ ಸರ್ ಮತ್ತು ಟೆಂಡರ್ ಪೆಟ್ಟಿಗೆ

ರಾಣೆಬೆನ್ನೂರಿನಿಂದ ದಿನಾ ಬಸ್ಸಿನಲ್ಲಿ ಹಾವೇರಿಗೆ ಬಂದು ಎಂ.ಎಸ್ಸಿ. ಮಕ್ಕಳಿಗೆ ಕ್ವಾಂಟಮ್ ಭೌತಶಾಸ್ತ್ರ ಕಲಿಸುತ್ತಿದ್ದ ಗುಡದಪ್ಪ ಮೇಡ್ಲೇರಿಯವರು ಕಂಡಕ್ಟರನಿಗೂ ತಮ್ಮನ್ನು ಪ್ರೊಫೆಸರ್ ಎಂದೇ ಪರಿಚಯಿಸಿಕೊಂಡವರು. ತರಗತಿಯಲ್ಲಿ ಬೋರ್ಡಿನ ತುಂಬ ಸಮೀಕರಣ ಬರೆಯುವರು. ಇದರ ಅರ್ಥವೇನು ಎಂದು ಯಾರಾದರೂ ಎದ್ದು ನಿಂತರೆ, ಅರ್ಥ ಪರೀಕ್ಷೆಗೆ ಬರುವುದಿಲ್ಲ ಎಂದು ಕೂರಿಸುವರು.

೨೦೦೪ರಲ್ಲಿ ಅರ್ಥವೇ ಪರೀಕ್ಷೆಗೆ ಬಂತು. ಕ್ವಾಂಟಮ್ ಸಿದ್ಧಾಂತದ ವ್ಯಾಖ್ಯಾನ ಎಂಬ ಹೊಸ ಐಚ್ಛಿಕ ಪತ್ರಿಕೆಯನ್ನು ಸರ್‌ಗೆ ಒಪ್ಪಿಸಿದರು. ಹತ್ತು ಜನ ಸೇರದಿದ್ದರೆ ಪತ್ರಿಕೆ ರದ್ದು. ರದ್ದಾದರೆ ಸರ್ ತಮಗಿಂತ ಕಿರಿಯರಾದ ಶಶಿಕಾಂತರ ಕೈಕೆಳಗೆ, ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ವೈರು ಜೋಡಿಸಬೇಕು. ಅದನ್ನು ತಪ್ಪಿಸಲು ಸರ್ ಒಂದು ಉಪಾಯ ಹೂಡಿದರು.

ಪತ್ರಿಕೆಗೆ ಹೆಸರು ಕೊಡಬೇಕಾದ ದಿನದ ಮುನ್ನಾದಿನ ಇಡೀ ತರಗತಿಯನ್ನು ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಕರೆದೊಯ್ದರು. ಅಲ್ಲಿ ವರ್ತಕರು ಒಂದೊಂದು ರಾಶಿಗೂ ತಮ್ಮ ದರವನ್ನು ಚೀಟಿಯಲ್ಲಿ ಬರೆದು ಟೆಂಡರ್ ಪೆಟ್ಟಿಗೆಗೆ ಹಾಕುತ್ತಾರೆ. ಪೆಟ್ಟಿಗೆ ತೆರೆದಾಗ ಹೆಚ್ಚು ಬರೆದವನಿಗೆ ಮಾಲು. ಘಾಟಿಗೆ ಎಲ್ಲರೂ ಸೀನುತ್ತಿರುವಾಗ ಸರ್ ಕರವಸ್ತ್ರದ ಮರೆಯಿಂದ ಘೋಷಿಸಿದರು: ಪೆಟ್ಟಿಗೆ ತೆರೆಯುವ ತನಕ ಈ ರಾಶಿಗೆ ದರವೇ ಇಲ್ಲ, ಅಳೆದು ನೋಡುವ ತನಕ ಎಲೆಕ್ಟ್ರಾನಿಗೂ ಇಂಥದ್ದೇ ಜಾಗ ಎಂಬುದಿಲ್ಲ.

ತರಗತಿಯಲ್ಲಿದ್ದ, ಅದೇ ಮಾರುಕಟ್ಟೆಯ ದಲಾಲರೊಬ್ಬರ ಮಗಳು ಸುರೇಖಾ ಮುಂದೆ ಬಂದಳು.

"ಸರ, ದರ ಚೀಟ್ಯಾಗ ಆಗಲೇ ಬರದೈತಲ್ರಿ. ನಮಗ ಗೊತ್ತಿಲ್ಲ, ಅಷ್ಟ. ಹಂಗಾರ ಎಲೆಕ್ಟ್ರಾನೂ ಎಲ್ಲೋ ಒಂದ ಕಡೆ ಕುಂತೈತಿ, ನಮಗ ಕಾಣವಲ್ದು ಅಂದಂಗಾತು."

ಸರ್ ಹೇಳಹೊರಟಿದ್ದು ಇದರ ತದ್ವಿರುದ್ಧ. ವಿಷಯ ಬಹಳ ಆಳವಾದದ್ದು ಎಂದರು. ಸುರೇಖಾ ಆಳವಾದದ್ದೇ ಎಂದು ಒಪ್ಪಿ, ಹಾಗಾದರೆ ಸರಿಯಾದ ಉದಾಹರಣೆ ಯಾವುದೆಂದು ಕೇಳಿದಳು. ಹುಡುಗರು ಸೀನುವುದನ್ನು ತಡೆಹಿಡಿದು ಕಾದರು. ಸರ್ ಕರವಸ್ತ್ರ ಮಡಚಿ ಜೇಬಿಗಿಟ್ಟುಕೊಂಡರು.

"ನನಗೂ ತಿಳಿವಲ್ದವ್ವ. ಈ ಉದಾಹರಣಿ ತಪ್ಪಾತು. ದೊಡ್ಡ ದೊಡ್ಡವರ ಇದರ ಸಲುವಾಗಿ ಎಂಬತ್ತ ವರ್ಷದಿಂದ ಜಗಳಾಡಾಕತ್ತಾರ."

ಜಗಳ ಎಂದಕೂಡಲೇ ತರಗತಿಗೆ ಜೀವ ಬಂತು. ಯಾರ ಯಾರ ನಡುವೆ, ಯಾರದು ಮೇಲುಗೈ ಎಂದೆಲ್ಲ ವಿಚಾರಿಸಿಕೊಂಡು, ಎಲೆಕ್ಟ್ರಾನಿಗೆ ಜಾಗ ಮೊದಲೇ ಇದೆ, ಇಲ್ಲ ಎಂಬ ಎರಡು ಪಂಗಡವಾಗಿ ಹಾವೇರಿ ಮುಟ್ಟುವ ತನಕ ವಾದಿಸಿದರು. ಮರುದಿನ ಎಲ್ಲರೂ ಹೆಸರು ಕೊಟ್ಟರು, ಎಲ್ಲರಿಗಿಂತ ಮೊದಲು ಸುರೇಖಾ. ಸರಿಯಾದ ಉದಾಹರಣೆ ಸಿಗುವ ತನಕ ಸರ್ ಅವರನ್ನು ಬಿಡುವುದಿಲ್ಲವಂತೆ.

ಸರ್ ಅವರ ವಿನಯ ಸ್ಟಾಫ್ ರೂಮಿನ ಬಾಗಿಲ ತನಕ ಬಾಳಿತು. ಪತ್ರಿಕೆ ಹೇಗೆ ತುಂಬಿತೆಂದು ಶಶಿಕಾಂತರು ಕೇಳಿದರು.

"ತಿಳಿವಲ್ದು ಅಂತ ಹೇಳಾಕ ಎಷ್ಟ ಓದಿರಬೇಕು ಗೊತ್ತೇನ್ರಿ?" ಎಂದರು ಸರ್. "ನಿಮ್ಮ ಎಲೆಕ್ಟ್ರಾನಿಕ್ಸಿನ್ಯಾಗ ಪಾಪ, ಅದಕ್ಕ ಅವಕಾಶನ ಇಲ್ಲ."