ಏಳು ಡಬ್ಬಿ, ಒಂದೇ ಹೊಟ್ಟೆ

ನೂಲಿಗೆ ಬಣ್ಣ ಹಾಕುವ ಆ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಮೊಂಡಿ ಎಂದೇ ಕರೆಯುತ್ತಿದ್ದರು. ಹೆತ್ತ ತಾಯಿ ಇಟ್ಟ ಅಡ್ಡಹೆಸರು ಅದು. ಮದುವೆಯಾದಾಗ ಅವಳ ಜೊತೆಗೇ ಗಂಡನ ಮನೆಗೆ ಬಂತು, ಗಂಡನ ಬಾಯಿಂದ ಕಾರ್ಖಾನೆಗೂ ಬಂತು. ಅವಳಿಗೇನೂ ಬೇಸರವಿರಲಿಲ್ಲ. ಒಳ್ಳೆಯವಳು ಅನ್ನಿಸಿಕೊಂಡು ಕಂಡಕಂಡವರ ಮಾತಿಗೆಲ್ಲ ತಲೆಯಾಡಿಸುವುದಕ್ಕಿಂತ ಇದೇ ವಾಸಿ ಎನ್ನುತ್ತಿದ್ದಳು.

ಕಾರ್ಖಾನೆಯಲ್ಲಿ ಅವಳದು ಬಣ್ಣ ಹೊಂದಿಸುವ ಕೆಲಸ. ಗಿರಾಕಿ ಬೆರಳಗಲದ ಒಂದು ಬಟ್ಟೆ ಚೂರು ತಂದು ‘ಇದೇ ಬಣ್ಣ ಬೇಕು’ ಅಂದರೆ, ಎಳ್ಳಷ್ಟೂ ಹೆಚ್ಚುಕಡಿಮೆಯಾಗದ ಹಾಗೆ ಅದೇ ಬಣ್ಣ ನೂಲಿಗೆ ಬರಬೇಕು. ಅದಕ್ಕೆ ಕಟ್ಟುನಿಟ್ಟುಗಳಿದ್ದವು. ಬಣ್ಣ ನೋಡುವುದು ಬೆಳಿಗ್ಗೆಯೇ, ಅದೂ ಉತ್ತರದ ಕಿಟಕಿಯ ಬೆಳಕಿನಲ್ಲೇ. ಟ್ಯೂಬ್‌ಲೈಟಿನ ಕೆಳಗೆ ನೋಡಿ ಹೂಂ ಅಂದವರಿಗೆ ಬಣ್ಣದ ಮೇಸ್ತ್ರಿಯ ಕೈಯಲ್ಲಿ ಬೈಗುಳ ಖಂಡಿತ. ಪ್ರತಿ ತೊಟ್ಟಿಯಿಂದ ತೆಗೆದ ನೂಲಿನ ಒಂದು ಎಳೆಯನ್ನು ದಪ್ಪ ಪುಸ್ತಕದಲ್ಲಿ ಗಂಟು ಹಾಕಿ, ಪಕ್ಕದಲ್ಲಿ ಏನೇನು ಹಾಕಿದೆ, ಎಷ್ಟು ಹೊತ್ತು ಕುದಿಸಿದೆ ಎಂದು ಬರೆಯಬೇಕು. ಬಣ್ಣ ಸರಿ ಬರಲಿಲ್ಲವೋ, ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಬೇಕು. ಮೇಸ್ತ್ರಿ ನಲವತ್ತು ವರ್ಷದಿಂದ ಹೇಳಿಕೊಂಡು ಬಂದದ್ದು ಇಷ್ಟೇ, ಆದರೆ ಇಷ್ಟನ್ನು ಕಲಿಯುವುದಕ್ಕೆ ಕೆಲವರಿಗೆ ನಲವತ್ತು ವರ್ಷವೂ ಸಾಲಲಿಲ್ಲ.

ಈ ಕೆಲಸದಲ್ಲಿ ಎತ್ತಿದ ಕೈ ಆಗಿದ್ದ ಮೊಂಡಿ ತಿಂಗಳಿಗೆ ನಾಲ್ಕು ದಿನ ಮಾತ್ರ ಬೇರೆಯೇ ಹೆಂಗಸಾಗುತ್ತಿದ್ದಳು. ಒಣಗಿಸುವ ಯಂತ್ರದಿಂದ ಆಗಷ್ಟೇ ತೆಗೆದ ಬಿಸಿ ನೂಲಿನ ಲಡಿಯನ್ನು ಹೊಟ್ಟೆಗೆ ಒತ್ತಿಕೊಂಡು, ಹಲ್ಲು ಕಚ್ಚಿ, ತೊಟ್ಟಿಯ ಅಂಚಿಗೆ ಒರಗಿ ನಿಲ್ಲುತ್ತಿದ್ದಳು. ಸೊಂಟದಿಂದ ತೊಡೆಯವರೆಗೆ ಯಾರೋ ಬಟ್ಟೆ ಹಿಂಡಿದ ಹಾಗೆ ಹಿಂಡುತ್ತಿತ್ತು. ಹದಿಮೂರನೇ ವಯಸ್ಸಿಗೆ ಶುರುವಾದದ್ದು ಮೂವತ್ತನಾಲ್ಕಾದರೂ ಬಿಟ್ಟಿರಲಿಲ್ಲ.

ನೋವನ್ನು ಅವಳು ಹೇಗೋ ತಡೆದುಕೊಂಡಿದ್ದಳು. ತಡೆಯಲಾಗದೆ ಇದ್ದದ್ದು ಅದನ್ನು ಯಾರೂ ನಂಬದೆ ಇದ್ದದ್ದು. ತಾಯಿ ‘ಹೆಣ್ಣಾಗಿ ಹುಟ್ಟಿದ ಮೇಲೆ ಇದ್ದದ್ದೇ’ ಅಂದಳು. ಶಾಲೆಯ ಟೀಚರ್ ‘ಪರೀಕ್ಷೆ ದಿನವೇ ಹೊಟ್ಟೆನೋವು ಬರುತ್ತೆ ನೋಡಿ’ ಎಂದು ನಕ್ಕರು. ಅತ್ತೆಯಂತೂ ಮೂಗು ಮುರಿದು, “ನಮಗೆಲ್ಲ ಆಗ್ಲಿಲ್ವಾ? ನಾವೇನು ಕೆಲಸ ಬಿಟ್ಟು ಮುದುರಿಕೊಂಡು ಮಲಗಿದ್ವಾ?” ಎಂದುಬಿಟ್ಟರು. ಇಪ್ಪತ್ತೊಂದು ವರ್ಷ ಇದನ್ನೇ ಕೇಳಿ ಕೇಳಿ, ತಾನು ನಿಜಕ್ಕೂ ನಾಟಕ ಮಾಡುತ್ತಿದ್ದೇನೆಯೇ ಎಂದು ಅವಳಿಗೇ ಒಂದೊಂದು ಸಲ ಅನುಮಾನ ಬರುತ್ತಿತ್ತು. ಆ ಅನುಮಾನ ಹುಟ್ಟಿಸಿದವರನ್ನು ಅವಳು ಇವತ್ತಿಗೂ ಕ್ಷಮಿಸಿಲ್ಲ. ಕ್ಷಮಿಸಬೇಕಾಗಿಯೂ ಇಲ್ಲ.

ಕೊನೆಗೆ ಒಬ್ಬ ಡಾಕ್ಟರಮ್ಮ ಅರ್ಧ ಗಂಟೆ ಕೂರಿಸಿ ಕೇಳಿದರು, ಸ್ಕ್ಯಾನ್ ಮಾಡಿಸಿದರು, ಹೆಸರು ಹೇಳಿದರು: ಎಂಡೊಮೆಟ್ರಿಯೋಸಿಸ್. ಗರ್ಭಕೋಶದ ಒಳಗೆ ಇರಬೇಕಾದಂಥ ಪದರ ಹೊರಗೆಲ್ಲ ಬೆಳೆದು, ಅಕ್ಕಪಕ್ಕದ ಅಂಗಗಳಿಗೆ ಅಂಟಿಕೊಳ್ಳುವ ಕಾಯಿಲೆ. ಮೊಂಡಿ ಆ ಹೆಸರನ್ನು ಬಸ್ಸಿನಲ್ಲಿ ಕೂತು ಹತ್ತು ಸಲ ಹೇಳಿಕೊಂಡಳು. ಮನೆಗೆ ಬಂದು ಹೇಳಿದರೆ ಅತ್ತೆ, “ಈಗಿನ ಡಾಕ್ಟರುಗಳು ಆಕಳಿಕೆಗೂ ಒಂದು ಹೆಸರು ಇಡ್ತಾರೆ” ಎಂದು ಒಳಗೆ ಹೋದರು.

ಡಾಕ್ಟರಮ್ಮ ಕೊಟ್ಟ ಹಾರ್ಮೋನ್ ಮಾತ್ರೆ ಅವಳಿಗೆ ಒಗ್ಗಲಿಲ್ಲ. ಮೂರು ಹೊತ್ತೂ ವಾಂತಿ, ತಲೆ ಸಿಡಿತ. ಉಳಿದದ್ದು ಆಪರೇಷನ್. ದೊಡ್ಡಾಸ್ಪತ್ರೆಯಲ್ಲಿ ಅದಕ್ಕೆ ದಿನ ಸಿಕ್ಕಿದ್ದು ಒಂದು ವರ್ಷದ ಮೇಲೆ.

ಆ ಒಂದು ವರ್ಷ ಸುಮ್ಮನೆ ಕೂರುವವಳೇ ಮೊಂಡಿ? ಸುಮ್ಮನೆ ಬಿಡುವವರೇ ಜನ? ಒಬ್ಬೊಬ್ಬರೂ ಒಂದೊಂದು ಡಬ್ಬಿ ತಂದರು. ಅಕ್ಕ ಅರಿಶಿನದ ಕ್ಯಾಪ್ಸೂಲ್ ಕೊಟ್ಟಳು. ಪಕ್ಕದ ಮನೆಯವರು ಶುಂಠಿಪುಡಿ, ಕಾರ್ಖಾನೆಯ ಲೆಕ್ಕದವಳು ಮೀನೆಣ್ಣೆಯ ಗುಳಿಗೆ, ಔಷಧಿ ಅಂಗಡಿಯವನು ಮೆಗ್ನೀಷಿಯಂ. ಚೀಟಿಯೇ ಇಲ್ಲದ ಒಂದು ಡಬ್ಬಿ ಎಲ್ಲಿಂದ ಬಂತೆಂದು ಇವತ್ತಿಗೂ ಗೊತ್ತಿಲ್ಲ. ಸತ್ತ ಇಲಿಯ ವಾಸನೆಯ ಇನ್ನೊಂದು ಗಂಡನ ಸ್ನೇಹಿತನ ಕೊಡುಗೆ. ಏಳನೆಯದು ನಾದಿನಿಯದು. ಗಂಡನ ಈ ತಂಗಿ ಎರಡು ಬೀದಿಯಾಚೆ ಆರೋಗ್ಯದ ಪುಡಿ, ಎಣ್ಣೆ ಮಾರುವ ಅಂಗಡಿ ಇಟ್ಟಿದ್ದಳು. “ಅತ್ತಿಗೆ, ಒಂಬತ್ತು ಬೇರು ಹಾಕಿ ಮಾಡಿರೋದು. ಆಪರೇಷನ್ ಅನ್ನೋ ಮಾತೇ ಮರೆತುಬಿಡ್ತೀರ” ಎಂದು ಡಬ್ಬಿಯನ್ನು ಕೈಗಿಟ್ಟಳು.

ಇಲ್ಲೇ ಮೊಂಡಿ ಎಡವಿದ್ದು. ನೂಲಿನ ವಿಷಯದಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವವಳು ತನ್ನ ಹೊಟ್ಟೆಯ ವಿಷಯದಲ್ಲಿ ಏಳನ್ನೂ ಒಟ್ಟಿಗೆ ನುಂಗಿದಳು. ಮೊದಲ ತಿಂಗಳು ಸ್ವಲ್ಪ ಹಗುರವಾಯಿತು. ಎರಡನೇ ತಿಂಗಳು ಬಚ್ಚಲುಮನೆಯ ನೆಲದ ಮೇಲೆ ಬಿದ್ದುಕೊಂಡಿದ್ದವಳನ್ನು ಗಂಡ ಎತ್ತಿ ತರಬೇಕಾಯಿತು.

ವಿಷಯ ಕೇಳಿದ ಮೇಸ್ತ್ರಿ ಕನ್ನಡಕ ತೆಗೆದು ಒರೆಸಿದರು. “ಒಂದು ತೊಟ್ಟಿಗೆ ಏಳು ಪುಡಿ ಸುರಿದು, ಬಣ್ಣ ಯಾವುದರಿಂದ ಕೆಟ್ಟಿತು ಅಂತ ನನ್ನ ಕೇಳ್ತೀಯೇನಮ್ಮ? ಇದನ್ನ ಹೊಸಬರು ಮಾಡಿದ್ರೆ ನೀನೇ ಹೊರಗೆ ಕಳಿಸ್ತಿದ್ದೆ.”

ಮೊಂಡಿಗೆ ನಾಚಿಕೆಯಾಯಿತು. ಆಮೇಲೆ ಸಿಟ್ಟು ಬಂತು. ಸಿಟ್ಟು ಬಂದರೆ ಅವಳ ತಲೆ ಚೆನ್ನಾಗಿ ಓಡುತ್ತದೆ. ಏಳೂ ಡಬ್ಬಿಗಳನ್ನು ಚೀಲಕ್ಕೆ ತುಂಬಿಕೊಂಡು ಡಾಕ್ಟರಮ್ಮನ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದಳು. ಅವರು ಚೀಟಿಯಿಲ್ಲದ್ದನ್ನು ಕಸದ ಬುಟ್ಟಿಗೆ ಹಾಕಿದರು. ಇಲಿಯ ವಾಸನೆಯದನ್ನು ಮೂಗು ಮುಚ್ಚಿಕೊಂಡು ಹಾಕಿದರು. ಉಳಿದ ಐದರ ಬಗ್ಗೆ, “ಕೆಲವರಿಗೆ ಕೆಲವು ಸ್ವಲ್ಪ ಅನುಕೂಲ ಮಾಡುತ್ತೆ. ಬೇರು ಕೀಳಲ್ಲ. ಏನು ತಗೊಂಡ್ರೂ ನನಗೆ ಹೇಳಬೇಕು, ಜಾಸ್ತಿ ಆದ್ರೆ ತಕ್ಷಣ ನಿಲ್ಲಿಸಬೇಕು” ಅಂದರು.

ಅವತ್ತಿನಿಂದ ಮೊಂಡಿ ತನ್ನದೇ ಒಂದು ಪುಸ್ತಕ ಮಾಡಿದಳು. ಒಂದೇ ಕೆಂಪನ್ನು ಏಳು ಹದದಲ್ಲಿ ನೂಲಿಗೆ ಹಾಕಿದಳು. ನೋವಿಲ್ಲದ ದಿನಕ್ಕೆ ಬಿಳಿ, ಎದ್ದು ನಿಲ್ಲಲಾಗದ ದಿನಕ್ಕೆ ಕಪ್ಪಿಗೆ ತಿರುಗುವ ಕೆಂಪು. ದಿನಾ ಬೆಳಿಗ್ಗೆ ಮನೆಯ ಉತ್ತರದ ಕಿಟಕಿಯ ಹತ್ತಿರ ನಿಂತು ಹಿಂದಿನ ದಿನಕ್ಕೊಂದು ಗಂಟು. ಪಕ್ಕದಲ್ಲಿ ಏನು ತಿಂದದ್ದು, ಎಷ್ಟು ತಿಂದದ್ದು. ಒಂದೊಂದು ಡಬ್ಬಿಗೂ ಎರಡು ತಿಂಗಳು. ಗುಣ ಕಂಡರೆ ಅದು ಉಳಿಯಬೇಕು, ಕಾಣದಿದ್ದರೆ ಹೊರಗೆ.

ಅರಿಶಿನದಿಂದ ಎದೆಯುರಿ ಬಿಟ್ಟರೆ ಏನೂ ಸಿಗಲಿಲ್ಲ. ಅಕ್ಕ ಮುನಿಸಿಕೊಂಡಳು, ಮುನಿಸಿಕೊಳ್ಳಲಿ. ಶುಂಠಿಪುಡಿ ಮೊದಲ ದಿನದ ಹಿಂಡುವಿಕೆಯನ್ನೂ ಹೊಟ್ಟೆ ತೊಳಸುವುದನ್ನೂ ಕೊಂಚ ಇಳಿಸಿತು. ಮೀನೆಣ್ಣೆಯಿಂದ ತೇಗು ಬಂದು ಗಂಡ ದಿಂಬು ಎತ್ತಿಕೊಂಡು ಹೊರಕೋಣೆಗೆ ಹೋದ, ಆದರೆ ಎರಡನೇ ತಿಂಗಳಿಗೆ ಗಂಟಿನ ಬಣ್ಣ ಒಂದು ಹದ ಇಳಿದಿತ್ತು. ಮೆಗ್ನೀಷಿಯಂ ನೋವಿನ ತಂಟೆಗೆ ಹೋಗಲಿಲ್ಲ, ನಿದ್ದೆ ಮಾತ್ರ ಕೊಟ್ಟಿತು. ನಾದಿನಿಯ ಒಂಬತ್ತು ಬೇರಿನ ಕ್ಯಾಪ್ಸೂಲ್ ತಗೊಂಡ ತಿಂಗಳು ರಕ್ತಸ್ರಾವ ಒಂದಕ್ಕೆರಡಾಗಿ, ಗಂಟುಗಳೆಲ್ಲ ಮತ್ತೆ ಕಪ್ಪಿಗೆ ತಿರುಗಿದವು. ಡಾಕ್ಟರಮ್ಮ ಫೋನಿನಲ್ಲೇ ‘ನಿಲ್ಲಿಸಿ’ ಅಂದರು, ಮೊಂಡಿ ನಿಲ್ಲಿಸಿದಳು.

ಇಷ್ಟು ಪ್ರಾಮಾಣಿಕವಾಗಿ ಕಟ್ಟಿದ ಪುಸ್ತಕವೇ ಅವಳ ಮೇಲೆ ತಿರುಗಿ ಬಿತ್ತು. ಆಪರೇಷನ್ನಿಗೆ ಎರಡು ವಾರ ಇತ್ತು. ಆ ಹೊತ್ತಿಗೆ ಉಳಿದ ಗುಳಿಗೆ, ಪುಡಿಗಳನ್ನೂ ನಿಲ್ಲಿಸಬೇಕೆಂದು ಆಸ್ಪತ್ರೆಯಿಂದ ಹೇಳಿದ್ದರು. ಗಂಡ ಪುಸ್ತಕದ ಹಾಳೆ ತಿರುವಿ, “ಮೊದಲಿಗೂ ಈಗಿಗೂ ಎಷ್ಟು ಇಳಿದಿದೆ ನೋಡು. ಇನ್ನೊಂದು ವರ್ಷ ಇದನ್ನೇ ತಗೊಂಡ್ರಾಯ್ತು. ಯಾಕೆ ಸುಮ್ಮನೆ ಹೊಟ್ಟೆ ಕೊಯ್ಸಿಕೊಳ್ಳೋದು?” ಅಂದ. ಕೆಟ್ಟವನಲ್ಲ ಅವನು, ರಕ್ತ ಕಂಡರೆ ಹೆದರುವವನು ಅಷ್ಟೇ.

“ಇಳಿದಿದೆ ರೀ, ಹೋಗಿಲ್ಲ,” ಅಂದಳು ಮೊಂಡಿ. “ನಿಮ್ಮ ಕೈಯನ್ನ ದಿನಾ ಬಾಗಿಲ ಸಂದಿಗೆ ಸಿಕ್ಕಿಸ್ತೀನಿ, ಮೊದಲಿಗಿಂತ ಮೆಲ್ಲಗೆ ಸಿಕ್ಕಿಸ್ತೀನಿ. ಸಾಕಾ?”

ಗಂಡ ಪುಸ್ತಕ ಮುಚ್ಚಿದ. ಒಳಗಿಂದ ಅತ್ತೆಯ ದನಿ ಕೇಳಿಸಿತು. “ಪುಡಿ ತಿಂದ್ರೆ ಹೋಗೋ ನೋವು ಅದೆಂಥ ನೋವು ಬಿಡು.”

ಆಪರೇಷನ್ನು ಗುರುವಾರ. ಅದರ ಹಿಂದಿನ ಭಾನುವಾರ ನಾದಿನಿ ಅಂಗಡಿಯ ಮಹಡಿಯಲ್ಲಿ ಹೆಂಗಸರ ಸಭೆ ಕರೆದಳು. “ಅತ್ತಿಗೆ, ನೀವು ಎರಡು ಮಾತಾಡಿ ಸಾಕು” ಅಂದಿದ್ದಳು. ಮೊಂಡಿ ಅತ್ತೆಯ ಜೊತೆ ಮೆಟ್ಟಿಲು ಹತ್ತಿ ಹೋದರೆ, ಗೋಡೆಯ ಮೇಲೆ ಆಳೆತ್ತರದ ಹಾಳೆ. ಅದರಲ್ಲಿ ಅವಳ ಪುಸ್ತಕದ ಎರಡು ಪುಟಗಳ ಫೋಟೊ. ಒಂದು ಪುಟದಲ್ಲಿ ಗಾಢ ಗಂಟುಗಳು, ಇನ್ನೊಂದರಲ್ಲಿ ತಿಳಿ ಗುಲಾಬಿ. ಕೆಳಗೆ ದಪ್ಪಕ್ಷರದಲ್ಲಿ: ‘ಒಂಬತ್ತು ಬೇರು, ಒಂದೇ ತಿಂಗಳು, ನೋವು ಮಾಯ.’ ಅವಳು ಕೆಲಸಕ್ಕೆ ಹೋಗಿದ್ದಾಗ ನಾದಿನಿ ಮನೆಗೆ ಬಂದು ಮೊಬೈಲಿನಲ್ಲಿ ತೆಗೆದುಕೊಂಡು ಹೋಗಿದ್ದಳು.

ಮೊಂಡಿಯ ಮೈಯೆಲ್ಲ ಉರಿದುಹೋಯಿತು. ತನ್ನ ನೋವನ್ನು ಕೇಳದೆ ಎತ್ತಿಕೊಂಡು ಹೋದದ್ದಕ್ಕೆ ಒಂದು ಪಾಲು ಸಿಟ್ಟು, ಸುಳ್ಳಿಗೆ ಒಂದು ಪಾಲು. ಕಸುಬಿನವಳಾದ್ದರಿಂದ ಮೂರನೆಯದೂ ಒಂದಿತ್ತು. ಮೀನೆಣ್ಣೆಯ ಪುಟದ ಆ ಎರಡನೇ ಫೋಟೊ ತೆಗೆದದ್ದು ಟ್ಯೂಬ್‌ಲೈಟಿನ ಕೆಳಗೆ. ಅವಳ ಕೆಂಪು ಅಲ್ಲಿ ತೊಳೆದುಹೋಗಿ ಗುಲಾಬಿಯಾಗಿತ್ತು.

ಇಪ್ಪತ್ತು ಹೆಂಗಸರು ಕುರ್ಚಿಗಳಲ್ಲಿ ಕೂತಿದ್ದರು. ನಾದಿನಿ ಮೈಕು ಕೊಟ್ಟಳು. ಮೊಂಡಿ ಅದನ್ನು ಮೇಜಿನ ಮೇಲಿಟ್ಟು, ಕಿಟಕಿಯ ಪರದೆ ಸರಿಸಿ, ಚೀಲದಿಂದ ಪುಸ್ತಕ ತೆಗೆದಳು. ಡಾಕ್ಟರಮ್ಮನಿಗೆ ತೋರಿಸುವುದಕ್ಕೆಂದು ಅದು ಚೀಲದಲ್ಲೇ ಇತ್ತು.

“ಎಲ್ಲರೂ ಎದ್ದು ಈ ಕಡೆ ಬನ್ನಿ. ಫೋಟೊ ನೋಡಬೇಡಿ, ನೂಲು ನೋಡಿ.”

ಒಬ್ಬೊಬ್ಬರಾಗಿ ಬಂದರು. ಅವಳು ಬೆರಳಿಟ್ಟು ತೋರಿಸಿದಳು. “ಇದು ಶುಂಠಿ, ಸ್ವಲ್ಪ ಇಳೀತು. ಇದು ಮೀನೆಣ್ಣೆ, ಇನ್ನೊಂಚೂರು. ನನಗೆ ಆಯ್ತು, ನಿಮಗೆ ಆಗುತ್ತೆ ಅಂತ ನಾನು ಹೇಳಲ್ಲ. ಇದು ಅರಿಶಿನ, ಎದೆಯುರಿ. ಇದು ಒಂಬತ್ತು ಬೇರು. ಬಣ್ಣ ನೋಡಿ, ಓದು ಬರದವರಿಗೂ ಗೊತ್ತಾಗುತ್ತೆ. ಈಗ ಈ ಪುಸ್ತಕದಲ್ಲಿ ಮುಟ್ಟಿನ ಆ ನಾಲ್ಕು ದಿನಕ್ಕೆ ನೋವಿಲ್ಲದ ಬಿಳಿ ಗಂಟು ಎಲ್ಲಿದೆ ಹುಡುಕಿ.”

ಹುಡುಕಿದರು. ಎಲ್ಲಿಯೂ ಇರಲಿಲ್ಲ.

“ಅದಕ್ಕೇ ಗುರುವಾರ ಆಪರೇಷನ್ ಮಾಡಿಸಿಕೊಳ್ತಿದೀನಿ. ಪುಡಿ ತಿಂದವಳು ಆಸ್ಪತ್ರೆಗೆ ಹೋಗಬಾರದು ಅಂತ ಎಲ್ಲೂ ಇಲ್ಲ. ಆಸ್ಪತ್ರೆಗೆ ಹೋಗೋಳು ಪುಡಿ ತಿನ್ನಬಾರದು ಅಂತಲೂ ಇಲ್ಲ. ಡಾಕ್ಟರಿಗೆ ಹೇಳಿ ತಿನ್ನಿ, ಒಂದೊಂದೇ ತಿನ್ನಿ. ನಂಬದೆ ಇರೋರ ಮಾತು ಮಾತ್ರ ತಿನ್ನಬೇಡಿ.”

ನಾದಿನಿಯ ಮುಖ ಹರಳೆಣ್ಣೆ ಕುಡಿದವರ ಹಾಗಾಯಿತು. “ಮನೆಯವರೇ ಹೀಗೆ ಮಾಡಿದ್ರೆ ನಾನು ಎಲ್ಲಿ ಹೋಗ್ಲಿ ಅತ್ತಿಗೆ?” ಅಂದಳು.

“ಮೊದಲು ಆ ಹಾಳೆ ಇಳಿಸು. ಆಮೇಲೆ ಎಲ್ಲಿ ಬೇಕಾದ್ರೂ ಹೋಗು.”

ಅತ್ತೆ ಮೊದಲೇ ಮೆಟ್ಟಿಲಿಳಿದರು. ದಾರಿಯುದ್ದಕ್ಕೂ ಸೊಸೆಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದರು. ಗುರುವಾರದ ಅಡುಗೆ ತನ್ನಿಂದಾಗದು, ಆಸ್ಪತ್ರೆಗೆ ಬರುವುದೂ ಆಗದು ಎಂದು ಮಗನ ಕೈಯಲ್ಲಿ ಹೇಳಿಸಿದರು. ಮೊಂಡಿ ಅದಕ್ಕೆ ಸೊಪ್ಪು ಹಾಕಲಿಲ್ಲ. ಗುರುವಾರ ಬೆಳಿಗ್ಗೆ ಬಟ್ಟೆ ತುಂಬಿಕೊಂಡು ಹೊರಟಳು. ಕಾಗದಕ್ಕೆ ತಾನೇ ಸಹಿ ಹಾಕಿದಳು. ಗಂಡ ಜೊತೆಗೆ ಬಂದ, ಗೋಡೆ ಹಿಡಿದುಕೊಂಡೇ ಬಂದ.

ಆಪರೇಷನ್ ಮೂರೂವರೆ ಗಂಟೆ ಹಿಡಿಯಿತು. ಅವಳಿಗೆ ಪೂರ್ತಿ ಎಚ್ಚರವಾದಾಗ ಸಂಜೆಯಾಗಿತ್ತು. ಮಂಚದ ಒಂದು ಪಕ್ಕ ಗಂಡ, ಇನ್ನೊಂದು ಪಕ್ಕ ಬರುವುದಿಲ್ಲ ಎಂದಿದ್ದ ಅತ್ತೆ, ಬಾಗಿಲ ಹತ್ತಿರ ನೆಲ ನೋಡುತ್ತ ನಾದಿನಿ. ಡಾಕ್ಟರಮ್ಮ ಹಾಳೆಯೊಂದರ ಮೇಲೆ ಚಿತ್ರ ಬರೆದು ವಿವರಿಸಿದರು. ಒಂದು ಅಂಡಾಶಯ ಕರುಳಿಗೆ ಅಂಟಿಕೊಂಡಿತ್ತು, ಬಿಡಿಸಿದ್ದಾರೆ. ಕಿತ್ತಳೆಯಷ್ಟು ದೊಡ್ಡ ಗಂಟು ತೆಗೆದಿದ್ದಾರೆ. ಮತ್ತೆ ಬರುವುದೇ ಇಲ್ಲ ಎನ್ನಲಾಗದು. ಗಾಯ ಮಾಗಿದ ಮೇಲೆ ಶುಂಠಿ, ಮೀನೆಣ್ಣೆ ಬೇಕಾದರೆ ಮತ್ತೆ ಶುರು ಮಾಡಬಹುದು. “ಇದನ್ನ ಹೊತ್ತುಕೊಂಡು ಇವರು ಕೆಲಸಕ್ಕೆ ಹೋಗ್ತಿದ್ರಲ್ಲ, ಅದೇ ಆಶ್ಚರ್ಯ” ಎಂದು ಹೊರಟರು.

ಅತ್ತೆ ಆ ಚಿತ್ರವನ್ನು ಎತ್ತಿಕೊಂಡು ಬಹಳ ಹೊತ್ತು ನೋಡಿದರು. ಮೇಲೆ ಕೆಳಗೆ ಮಾಡಿ ನೋಡಿದರು.

“ಹಾಗಾದ್ರೆ,” ಅಂದರು ಮೆತ್ತಗೆ, “ನಿಜವಾಗ್ಲೂ ಇತ್ತು.”

ಹೊಲಿಗೆ ಹಾಕಿದ ಹೊಟ್ಟೆ ಎಳೆಯಿತು. ಆದರೂ ಮೊಂಡಿ ಒಂದು ಮೊಣಕೈ ಊರಿ ಅರ್ಧ ಎದ್ದಳು. ಗಂಡ ತಡೆಯಲು ಬಂದರೆ ಅವನ ಕೈ ಸರಿಸಿದಳು.

“ಸರಿಯಾಗಿ ಕೇಳಿಸ್ಲಿಲ್ಲ ಅತ್ತೆ. ಬಾಗಿಲ ಹತ್ತಿರ ಇರೋಳಿಗೂ ಕೇಳಿಸೋ ಹಾಗೆ ಇನ್ನೊಂದು ಸಲ ಹೇಳಿ.”

ಅತ್ತೆ ಮಗಳ ಕಡೆ ನೋಡಿದರು, ಮಗನ ಕಡೆ ನೋಡಿದರು, ಕೊನೆಗೆ ಸೊಸೆಯ ಕಣ್ಣಲ್ಲಿ ಕಣ್ಣಿಟ್ಟು ದನಿ ಎತ್ತಿ ಹೇಳಿದರು.

“ಇತ್ತು. ನೋವು ಇತ್ತು. ನಾನೇ ನಂಬಲಿಲ್ಲ.”