ಹೊರಡುವ ಮೊದಲೇ ತುಂಬಿದ ಉಡಿ

ಹೊಸಪೇಟೆಯ ಕೋರ್ಟಿನಲ್ಲಿ ವಕೀಲಿಕೆ ಮಾಡುವ ನನಗೆ ಮೈ ಉರಿಸುವ ಪದವೊಂದಿದೆ: ಸ್ವಸಂತೋಷದಿಂದ. ಅಕ್ಕತಂಗಿಯರು ತವರಿನ ಆಸ್ತಿಯಲ್ಲಿ ತಮ್ಮ ಪಾಲು ಬಿಟ್ಟುಕೊಡುವ ಪತ್ರದಲ್ಲಿ ಅದು ಇದ್ದೇ ಇರುತ್ತದೆ. ಯಾರ ಒತ್ತಾಯವೂ ಇಲ್ಲದೆ, ಸ್ವಸಂತೋಷದಿಂದ ಬರೆದುಕೊಟ್ಟ ಹಕ್ಕು ಬಿಡುಗಡೆ ಪತ್ರ. ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ ಅದಕ್ಕೆ ಹೆಬ್ಬೆಟ್ಟು ಒತ್ತಿದ ಹೆಂಗಸರನ್ನು ಬೇಕಾದಷ್ಟು ನೋಡಿದ್ದೇನೆ. ಸಂತೋಷ ಕಂಡದ್ದು ಪಕ್ಕದಲ್ಲಿ ನಿಂತ ಅಣ್ಣತಮ್ಮಂದಿರ ಮುಖದಲ್ಲಿ ಮಾತ್ರ.

ಬಿಡುಗಡೆ ಎಂಬ ಪದವೂ ಅಷ್ಟೇ ನಾಚಿಕೆಗೆಟ್ಟದ್ದು. ಹಿಂದಿನವರು ಇದೇ ಪತ್ರಕ್ಕೆ ಫಾರಕತಿ ಎನ್ನುತ್ತಿದ್ದರು. ನಮ್ಮ ಕಡೆ ಗಂಡಹೆಂಡಿರು ಬೇರೆಯಾದರೂ ಅದೇ ಪದ. ವ್ಯವಹಾರ ತೀರಿತು, ನಂಟು ಹರಿಯಿತು ಎಂದು ಅದು ಮುಖದ ಮೇಲೆ ಹೊಡೆದಂತೆ ಹೇಳುತ್ತಿತ್ತು. ಈಗಿನ ಪದ ಕೇಳಿದರೆ ಹೆಣ್ಣುಮಗಳು ಜೈಲಿನಿಂದ ಹೊರಬಂದಳೇನೋ ಅನ್ನಿಸುತ್ತದೆ.

ಇನ್ನು ದಾಯಾದಿ. ದಾಯ ಎಂದರೆ ಹಿರಿಯರ ಆಸ್ತಿ, ಅದರಲ್ಲಿ ಪಾಲುಳ್ಳವನು ದಾಯಾದಿ. ಪಾಲಿಗಾಗಿ ಬಡಿದಾಡಿ ಬಡಿದಾಡಿ ಗಂಡಸರೇ ಆ ಪದಕ್ಕೆ ಹಗೆಯ ವಾಸನೆ ಹಚ್ಚಿದರು. ಕಾನೂನು ಈಗ ಮಗಳನ್ನೂ ಸಹದಾಯಾದಿ ಎನ್ನುತ್ತದೆ. ಪಾಲು ಕೈಗೆ ಬರುವ ಮೊದಲೇ ಹಗೆಯ ಹೆಸರು ಅವಳ ತಲೆಗೆ ಕಟ್ಟಿಯಾಗಿದೆ.

ಇದನ್ನೆಲ್ಲ ಕಕ್ಷಿದಾರರಿಗೆ ಹೇಳಿ ಹೇಳಿ ರೂಢಿಯಾಗಿತ್ತು. ಕಳೆದ ವರ್ಷ ನಮ್ಮ ಅವ್ವನಿಗೇ ಹೇಳುವ ಸರದಿ ಬಂತು.

ಅವ್ವನ ತವರು ಕಂಪ್ಲಿ. ಅಲ್ಲಿ ಕಾಲುವೆ ನೀರು ಹಾಯುವ ಗದ್ದೆಯಿದೆ. ಅಜ್ಜ ತೀರಿಕೊಂಡ ಮೇಲೆ ಅದು ಅವ್ವನಿಗೂ ಅವಳ ಒಬ್ಬನೇ ಅಣ್ಣನಿಗೂ ಸೇರಿದ್ದು. ಮಾವ ಅದನ್ನು ಸೈಟು ಮಾಡುವವರಿಗೆ ಮಾರಲು ಹೊರಟಿದ್ದ. ತಂಗಿಯ ಸಹಿ ಇಲ್ಲದೆ ಕೊಳ್ಳುವವರು ಮುಟ್ಟುವುದಿಲ್ಲ ಎಂದು ಗೊತ್ತಾದದ್ದೇ, ವರ್ಷಗಟ್ಟಲೆ ಫೋನು ಮಾಡದವನಿಗೆ ತಂಗಿಯ ನೆನಪಾಯಿತು. ಆ ಗದ್ದೆಯಲ್ಲಿ ಕಳೆ ಕೀಳಲೆಂದೇ ಅವ್ವನನ್ನು ಶಾಲೆ ಬಿಡಿಸಿದ್ದರು. ಮಾವ ಕಾಲೇಜು ಮೆಟ್ಟಿಲು ಹತ್ತಿದ್ದ.

ಆದರೂ ಅವ್ವ ಸಹಿ ಹಾಕುವುದೆಂದೇ ತೀರ್ಮಾನಿಸಿದ್ದಳು. ಅವಳಿಗೆ ಮಣ್ಣಿಗಿಂತ ತವರು ಬೇಕಿತ್ತು. ಸಹಿ ಹಾಕದಿದ್ದರೆ ಆ ಮನೆಯ ಬಾಗಿಲು ಮುಚ್ಚುತ್ತದೆ ಎಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ. ಸಂಡೂರಿನ ಗಣಿಯಲ್ಲಿ ದುಡಿದು ನಿವೃತ್ತರಾದ ಅಪ್ಪ, ಹೆಂಡತಿಯ ತವರಿನ ಮಾತಿಗೆ ಬಾಯಿ ಹಾಕುವವರಲ್ಲ. ಕಂಪ್ಲಿಗೆ ಹೊರಟ ಬಸ್ಸು ಕಮಲಾಪುರ ದಾಟುವಾಗ ಅವ್ವ ನನಗೂ ತಾಕೀತು ಮಾಡಿದಳು, ನಿನ್ನ ವಕೀಲಿಕೆ ಕೋರ್ಟಿನಲ್ಲಿರಲಿ, ಅಲ್ಲಿ ತುಟಿ ಬಿಚ್ಚಬೇಡ ಎಂದು. ನನಗೆ ಅವಳ ಮೇಲೂ ಸಿಟ್ಟಿತ್ತು.

ಮಾವನ ಮನೆಯಲ್ಲಿ ಪತ್ರ ಬರೆಯುವವನು ಆಗಲೇ ಬಂದು ಕುರ್ಚಿ ಹಿಡಿದಿದ್ದ. ನಾವು ಕಾಲು ತೊಳೆದು ಒಳಗೆ ಬಂದೆವೋ ಇಲ್ಲವೋ, ಅತ್ತೆ ಮೊರದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಕುಬಸದ ಖಣ ಹಿಡಿದು ಬಂದಳು. ಮಾವ ಅವ್ವನನ್ನು ಮಣೆಯ ಮೇಲೆ ಕೂರಿಸಿ, ಜಲ್ದಿ ಉಡಿ ತುಂಬು ಎಂದು ಹೆಂಡತಿಗೆ ಹೇಳಿದ. ನೋಂದಣಿ ಕಚೇರಿಯಲ್ಲಿ ಸರದಿ ತಪ್ಪೀತೆಂದು ಅವನಿಗೆ ಅವಸರ. ಅವ್ವ ಸೆರಗೊಡ್ಡಿದಳು. ಅವಳ ಮುಖ ಮಾತ್ರ ಬೇರೆಯಾಯಿತು.

ಮಗಳು ತವರಿನಿಂದ ಹೊರಡುವಾಗ ಉಡಿ ತುಂಬುತ್ತಾರೆ. ಉಂಡು, ಮಾತಾಡಿ, ಚೀಲ ಕಟ್ಟಿ, ಇನ್ನೇನು ಹೊಸ್ತಿಲು ದಾಟಬೇಕು ಎನ್ನುವಾಗ. ಬಂದವಳಿಗೆ ನೀರು ಕೊಡುವ ಮೊದಲೇ ತುಂಬಿದ್ದನ್ನು ನಾನಂತೂ ಕಂಡಿರಲಿಲ್ಲ. ತವರಿನಿಂದ ಬರಬೇಕಾದದ್ದೆಲ್ಲ ಬಂದಿದೆ ಎಂದು ಇಂಥ ಪತ್ರಗಳಲ್ಲಿ ಬರೆದಿರುತ್ತದಲ್ಲ, ಅದು ಸುಳ್ಳಾಗದಿರಲೆಂದು ಮಾವ ಈ ಶಾಸ್ತ್ರ ಮುಗಿಸಿಕೊಂಡಿದ್ದ.

ಅವ್ವ ತುಂಬಿದ ಉಡಿ ಹಿಡಿದುಕೊಂಡೇ ನನಗೆ ಪತ್ರ ಓದಲು ಹೇಳಿದಳು. ಮಾವನಿಗೆ ಇದು ಹಿಡಿಸಲಿಲ್ಲ. ಎಲ್ಲರೂ ಬರೆಯುವ ಮಾಮೂಲಿ ಮಾತು, ಅದನ್ನೇನು ಓದುವುದು ಎಂದು ನನ್ನನ್ನು ಗುರಾಯಿಸಿದ. ನಾನು ಬೇಕೆಂದೇ ನಿಧಾನವಾಗಿ ಓದಿದೆ. ಅವ್ವ ಒಂದೊಂದು ಪದಕ್ಕೂ ನಿಲ್ಲಿಸಿ ಅರ್ಥ ಕೇಳಿದಳು. ಹಕ್ಕು ಬಿಡುಗಡೆ ಎಂದರೆ ಏನೆಂದಾಗ, ಈ ಗದ್ದೆಗೂ ನಿನಗೂ ಇನ್ನು ಏನೂ ಇಲ್ಲ ಎಂದರ್ಥ ಎಂದೆ. ಅದಕ್ಕೆ ತಲೆಯಾಡಿಸಿದಳು. ಸ್ವಸಂತೋಷದಿಂದ ಎಂಬಲ್ಲಿಗೆ ಬಂದಾಗ ಅರ್ಥ ಕೇಳಲಿಲ್ಲ.

"ಅದೊಂದು ತೆಗೀರಿ," ಎಂದಳು. "ಉಳಿದದ್ದು ಇರ್ಲಿ. ಸಹಿ ಹಾಕ್ತೀನಿ."

ಪತ್ರ ಬರೆಯುವವನು ಕನ್ನಡಕ ಸರಿಮಾಡಿಕೊಂಡ. "ಅದನ್ನ ತೆಗದ್ರ ಪತ್ರ ನಿಲ್ಲಂಗಿಲ್ರಿ ಅಮ್ಮಾರ. ಒಪ್ಪಿ ಕೊಟ್ಟೀರೇನಂತ ಆಫೀಸ್ನ್ಯಾಗ ನಿಮ್ಮನ್ನ ಕೇಳ್ತಾರ."

ಮಾವ ದನಿ ಏರಿಸಿದ. ಮದುವೆ ಮಾಡಿದ್ದು, ಬಾಣಂತನ ಮಾಡಿದ್ದು, ಎಲ್ಲ ಎತ್ತಿ ಆಡಿದ. ಮಗಳಿಗೆ ಲಾ ಓದಿಸಿ ಮನೆ ಮುರಿಯಲು ಕರೆತಂದಿದ್ದೀಯ ಎಂದ. ಕೊನೆಗೆ, "ತಂಗಿ ಅಂತ ಕರದ್ರ ದಾಯಾದಿ ಆಗಿ ಬಂದೀಯಲ್ಲ," ಎಂದುಬಿಟ್ಟ.

ಅವ್ವ ಮಣೆಯಿಂದ ಎದ್ದಳು. ಸೆರಗು ಬಿಚ್ಚಿ ಅಕ್ಕಿ, ಕೊಬ್ಬರಿ, ಖಣ ಎಲ್ಲವನ್ನೂ ಅದೇ ಮೊರಕ್ಕೆ ಸುರಿದಳು.

"ಅಣ್ಣ, ಉಡಿ ತುಂಬೋದು ಹೋಗೋರಿಗೆ. ನಾ ಈಗ ಬಂದೀನಿ," ಎಂದಳು ಅವ್ವ. ಆಮೇಲೆ ಅತ್ತೆಯ ಕಡೆ ತಿರುಗಿ, ಊಟಕ್ಕೆ ಹಾಕು ಅತ್ತಿಗೆ, ಹಸಿವಾಗಿದೆ ಎಂದು ಅಡುಗೆಮನೆಗೆ ನಡೆದಳು.

ಅವಳು ಹೊಟ್ಟೆ ತುಂಬ ಉಂಡಳು. ಮಾವ ಪತ್ರ ಬರೆಯುವವನನ್ನು ಕರೆದುಕೊಂಡು ಹೊರಗೆ ಹೋದವನು ನಾವು ಹೊರಡುವವರೆಗೂ ಒಳಗೆ ಬರಲಿಲ್ಲ. ಸಂಜೆ ಅವ್ವ ಹೊಸ್ತಿಲ ಬಳಿ ಸ್ವಲ್ಪ ಹೊತ್ತು ನಿಂತಳು. ಮೊರ ಅಲ್ಲೇ ಮೂಲೆಯಲ್ಲಿತ್ತು. ಅತ್ತೆ ಅದರ ಕಡೆ ನೋಡಿ, ಹೊರಗೆ ಗಂಡನ ಕಡೆ ನೋಡಿ, ಉಡಿ ತುಂಬದೆ ಒಳಗೆ ಹೋದಳು.

ಮರುವಾರವೇ ಮಾವ ತಂಗಿಯ ಸಹಿ ಇಲ್ಲದೆ ಗದ್ದೆ ಮಾರಲು ಬೇರೆ ದಾರಿ ಹುಡುಕುತ್ತಿದ್ದಾನೆಂದು ಸುದ್ದಿ ಬಂತು. ಗದ್ದೆ ಮಾರದಂತೆ ತಡೆಯಾಜ್ಞೆ ಕೇಳಿ, ಪಾಲಿಗಾಗಿ ದಾವೆ ಹೂಡಬೇಕಾಯಿತು. ನಾನು ವಕಾಲತ್ತು ತಂದು ಅವ್ವನ ಮುಂದಿಟ್ಟೆ. ಈ ದಾವೆಯಲ್ಲಿ ನೀನು ವಾದಿ, ಅಣ್ಣ ಪ್ರತಿವಾದಿ ಎಂದು ವಿವರಿಸಿದೆ. ನನ್ನ ದನಿಯಲ್ಲಿ ಗೆದ್ದ ಹುರುಪಿತ್ತು. ಅವಳು ಹಾಳೆಯನ್ನು ಮೇಲಿಂದ ಕೆಳಗೆ ಬೆರಳಿಟ್ಟು ನೋಡಿದಳು.

"ಇದರಾಗ ಸ್ವಸಂತೋಷದಿಂದ ಅಂತ ಬರದೀಯೇನು?"

"ಇಲ್ಲವ್ವ. ಇದಕ್ಕ ಅದು ಬೇಕಾಗಂಗಿಲ್ಲ."

"ಚಲೋ ಆತು," ಎಂದು ಅವ್ವ ಸಹಿ ಹಾಕಿದಳು.