ಬಂದವರ ಮುಂದೆ ಮೌಶಿ

ನಮ್ಮ ಕಾಲೇಜಿನ ಸಭಾಂಗಣದಲ್ಲಿ ಅವತ್ತು ವಿದೇಶಿ ವಿದ್ಯಾರ್ಥಿಗಳು ಒಬ್ಬರ ಹಿಂದೊಬ್ಬರು ವೇದಿಕೆ ಹತ್ತಿ, ಹೈದರಾಬಾದು ತಮ್ಮನ್ನು ಹೇಗೆ ಬದಲಾಯಿಸಿತು ಎಂದು ಹೇಳುತ್ತಿದ್ದರು. ಮೂರು ವಾರಕ್ಕೆ ಬದಲಾಗಿಬಿಡುವ ಮನುಷ್ಯ ಅದಕ್ಕೆ ಮೊದಲು ಏನಾಗಿದ್ದ ಎಂದು ನನಗೆ ಅನುಮಾನ. ನಾನು ಹುಟ್ಟಿ ಬೆಳೆದದ್ದೇ ಈ ಊರಿನಲ್ಲಿ. ಐವತ್ತು ದಾಟಿದೆ. ಊರು ನನ್ನ ತಲೆಗೂದಲು ಉದುರಿಸಿದ್ದು ಬಿಟ್ಟರೆ ಬೇರೇನೂ ಬದಲಾಯಿಸಿದ ಹಾಗಿಲ್ಲ.

ಒಬ್ಬ ಹುಡುಗ, ಇಲ್ಲಿನ ಹಾರ್ನುಗಳ ನಡುವೆ ತಾನು ಮೌನವನ್ನು ಕಂಡುಕೊಂಡೆ ಎಂದ. ಸಂಜೆ ಮೆಹದಿಪಟ್ಟಣದ ಬಸ್ ನಿಲ್ದಾಣದಲ್ಲಿ ನಿಂತು ಮೌನ ಕಂಡುಕೊಂಡವನನ್ನು ಕಿವಿಯ ಡಾಕ್ಟರಿಗೆ ತೋರಿಸಬೇಕು. ಇನ್ನೊಬ್ಬಳು, ಬೇಗಂ ಬಜಾರಿನಲ್ಲಿ ತನಗೆ ತಾನೇ ಕಣ್ಣೀರು ಬಂತು, ಆ ಬೀದಿ ತನ್ನೊಳಗಿನ ಏನನ್ನೋ ಮುಟ್ಟಿತು ಎಂದಳು. ಮುಟ್ಟಿದ್ದು ಒಣ ಮೆಣಸಿನಕಾಯಿಯ ಘಾಟು ತಾಯೀ. ಅಲ್ಲಿ ಹಮಾಲರ ಕಣ್ಣಲ್ಲೂ ನೀರು ಬರುತ್ತದೆ, ಅವರು ಮೂಗೊರೆಸಿಕೊಂಡು ಮುಂದಿನ ಮೂಟೆ ಎತ್ತುತ್ತಾರೆ. ಮತ್ತೊಬ್ಬ ಕೈಯಿಂದ ಊಟ ಮಾಡಿ ವಿನಯ ಕಲಿತೆ ಎಂದ. ಎಲ್ಲದಕ್ಕೂ ಚಪ್ಪಾಳೆ. ನಮ್ಮ ಪ್ರಿನ್ಸಿಪಾಲರಂತೂ ಮೊದಲ ಸಾಲಿನಲ್ಲಿ ಕೂತು, ಹೊಸ ಬೀಗರ ಜೋಕಿಗೆ ನಗುವವರ ಹಾಗೆ ಹಲ್ಲು ಕಿರಿಯುತ್ತಿದ್ದರು.

ಇವರೆಲ್ಲ ಪತ್ರಿಕೋದ್ಯಮ ಕಲಿಯಲು ಬಂದವರು. ಇದನ್ನು ಹೇಳದಿದ್ದರೆ ತೀರ್ಥಯಾತ್ರೆ ಅಂದುಕೊಂಡೀರಿ. ದೂರದ ದೇಶದ ಒಂದು ವಿಶ್ವವಿದ್ಯಾಲಯ ತನ್ನ ಪತ್ರಿಕೋದ್ಯಮದ ಮಕ್ಕಳನ್ನು ಗಚ್ಚಿಬೌಲಿಯ ಕಡೆಯ ನಮ್ಮ ಕಾಲೇಜಿಗೆ ಕಳಿಸಿತ್ತು. ಹಗಲೆಲ್ಲ ಊರು ಸುತ್ತಿ ವರದಿ ಮಾಡಬೇಕು, ಕೊನೆಯ ದಿನ ಕಲಿತದ್ದನ್ನು ಎಲ್ಲರೆದುರು ಹೇಳಬೇಕು. ಆ ಹೇಳುವ ಕಾರ್ಯಕ್ರಮಕ್ಕೆ ಅವರು ಇಟ್ಟ ಹೆಸರು ರಿಫ್ಲೆಕ್ಷನ್. ಕನ್ನಡಿಯಲ್ಲಿ ತಮ್ಮ ಮುಖವನ್ನೇ ನೋಡಿಕೊಂಡಂತೆ ಇತ್ತು, ಹೆಸರೇನೋ ಸರಿಯಾಗಿಯೇ ಇಟ್ಟಿದ್ದರು.

ನಾನು ಅಲ್ಲಿ ಅದೇ ವಿಷಯ ಪಾಠ ಮಾಡುವವಳು, ಅದಕ್ಕೆ ಮೊದಲು ಪತ್ರಿಕೆಯಲ್ಲಿ ದುಡಿದವಳು. ಅವರು ಬಂದ ವಾರವೇ ಪ್ರಿನ್ಸಿಪಾಲರು ನನ್ನನ್ನು ಕರೆದು, ಮಕ್ಕಳಿಗೆ ಒಂದು ನಿಜವಾದ ಮನೆ ತೋರಿಸಿ ಎಂದರು. ಸುಳ್ಳು ಮನೆಗಳು ಯಾವುವೋ ನನಗೆ ಗೊತ್ತಿರಲಿಲ್ಲ. ಮೆಹದಿಪಟ್ಟಣದ ಕಾಲೊನಿಯಲ್ಲಿರುವ ನಮ್ಮ ಮೌಶಿಯ ಮನೆ ತೋರಿಸಿದೆ.

ಮೌಶಿ ಎಂದರೆ ನನ್ನ ತಾಯಿಯ ತಂಗಿ. ಅವಳ ಗಂಡ ಸರ್ಕಾರಿ ನೌಕರಿಗೆಂದು ಬಿಜಾಪುರದ ಕಡೆಯಿಂದ ಬಂದು ಇಲ್ಲಿಯೇ ನಿಂತವರು, ಈಗಿಲ್ಲ. ಮಗ ಊರೂರು ತಿರುಗುವ ಕೆಲಸದವನು. ಮನೆಯಲ್ಲಿ ಉಳಿಯುವವರು ಮೌಶಿ ಮತ್ತು ಸೊಸೆ. ಮೌಶಿಯ ಜೋಳದ ರೊಟ್ಟಿ ನಮ್ಮ ಬಳಗದಲ್ಲಿ ಹೆಸರುವಾಸಿ. ಅದನ್ನು ಮಾರಬಹುದು ಎಂಬ ಬುದ್ಧಿ ಸೊಸೆಯದು. ಅವಳೇ ಫೋನಿನಲ್ಲಿ ಆರ್ಡರ್ ಹಿಡಿದು, ಶೇಂಗಾ ಚಟ್ನಿ ಕುಟ್ಟಿ, ಪೊಟ್ಟಣ ಕಟ್ಟಿ, ಗಚ್ಚಿಬೌಲಿಯ ಅಪಾರ್ಟ್‌ಮೆಂಟುಗಳಿಗೆ ಕಳಿಸುತ್ತಿದ್ದಳು. ವ್ಯಾಪಾರ ಕುದುರಿತು. ಕಾಲೊನಿಯ ಮುಂದಿನ ರಸ್ತೆಯಲ್ಲಿ ಇಬ್ಬರೂ ಸೇರಿ ಅಂಗಡಿ ತೆರೆಯುವುದು ಎಂದಾಯಿತು. ಮಳಿಗೆ ನೋಡಿಟ್ಟರು. ಸೊಸೆ ಅದಕ್ಕಾಗಿ ತನ್ನ ಆಫೀಸಿನ ಕೆಲಸವನ್ನೇ ಬಿಟ್ಟಳು.

ಆ ಇಬ್ಬರಿಗೂ ದಿನವಿಡೀ ಜಗಳ. ಬೇಗಂ ಬಜಾರಿನಲ್ಲಿ ಮೌಶಿಗೆ ಒಬ್ಬ ಹಳೆಯ ಸೇಠ್ ಇದ್ದಾನೆ, ಅವನ ಜೋಳವೇ ಆಗಬೇಕು. ಸೊಸೆಗೆ ಅವನ ಹೆಸರೆತ್ತಿದರೆ ಉರಿ. "ಅಂವ ಹಳೇ ಜ್ವಾಳ ಹಾಕತಾನ್ರಿ ಅತ್ತ್ಯಾರ, ರೊಟ್ಟಿ ಹರೀತಾವ, ಬ್ಯಾಡ." "ಹರಿಯೂದು ನಿನ್ನ ಕೈಯಾಗ, ನನ್ನ ಕೈಯಾಗ ಅಲ್ಲ. ಒಲಿ ಕಡೆ ಬರಬ್ಯಾಡ ನೀ." ಒಲೆಯ ಮುಂದೆ ಮೌಶಿ ಯಾರನ್ನೂ ಸೇರಿಸುವುದಿಲ್ಲ. ಸೊಸೆ ಬಡಿದ ರೊಟ್ಟಿ ಅವಳ ಪ್ರಕಾರ ಸಾಲಿ ಹುಡುಗರು ಬರೆದ ನಕಾಶೆ.

ಆದರೆ ಇದೆಲ್ಲ ಮನೆಯವರ ಮುಂದೆ. ಹೊರಗಿನಿಂದ ಬಂದವರ ಮುಂದೆ ಮೌಶಿಯದು ಒಂದೇ ಮಾತು: ಹೌದ್ರಿ. ಉಣ್ಣಲು ಕೂತವರ ಮಾತಿಗೆ ಇಲ್ಲ ಅನ್ನಬಾರದು, ಅನ್ನದ ಮುಂದೆ ಅವರ ಮನಸ್ಸು ಮುರಿಯಬಾರದು ಎಂದು ಅವಳ ಅತ್ತೆ ಕಲಿಸಿದ ಪಾಠ. ಒಬ್ಬರು ಮಗ ಸೊರಗಿದ್ದಾನೆ ಅಂದರೆ ಹೌದ್ರಿ. ಅದೇ ಪಂಕ್ತಿಯಲ್ಲಿ ಇನ್ನೊಬ್ಬರು ದಪ್ಪಗಾಗಿದ್ದಾನೆ ಅಂದರೆ ಅದಕ್ಕೂ ಹೌದ್ರಿ. ಅವಳ ಖರೆ ಅಭಿಪ್ರಾಯ ಬರುವುದು ಬಂದವರು ಗೇಟು ದಾಟಿದ ಮೇಲೆ: "ಹೋದ್ವಾ ಪೀಡಾ?" ಅವಳ ಬಾಯಿಂದ ಇಲ್ಲ, ಬ್ಯಾಡ ಅನ್ನಿಸಿಕೊಳ್ಳಬೇಕಾದರೆ ಆ ಮನೆಯವರೇ ಆಗಿರಬೇಕು. ಸೊಸೆಗೆ ಆ ಭಾಗ್ಯ ಮದುವೆಯಾದ ತಿಂಗಳೊಳಗೇ ಸಿಕ್ಕಿತ್ತು.

ವಿದ್ಯಾರ್ಥಿಗಳನ್ನು ಮೌಶಿಯ ಮನೆಯಲ್ಲಿ ಬಿಟ್ಟು ನಾನು ಪಾಠಕ್ಕೆ ವಾಪಸು ಬಂದೆ. ನಮ್ಮ ಕಾಲೇಜಿನ ಒಬ್ಬ ಹುಡುಗಿ ಅವರ ಪ್ರಶ್ನೆಯನ್ನು ಹಿಂದಿಯಲ್ಲಿ ಕೇಳಿ, ಉತ್ತರವನ್ನು ಇಂಗ್ಲಿಷಿಗೆ ಮಾಡುತ್ತಿದ್ದಳು. ತುಪ್ಪ ಹಚ್ಚಿದ ಬಿಸಿ ರೊಟ್ಟಿಯನ್ನು ಬೇಕಾದಷ್ಟು ಹೊಡೆದು, ಕ್ಯಾಮೆರಾ ಎತ್ತಿಕೊಂಡು ಹೋದರು. ಮುಂದಿನ ವಾರ ಅವರ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಆ ವಿಡಿಯೊ ಬಂತು. ಮಾಡಿದವಳು ಚಿನ್ನದ ಕೂದಲಿನ ಒಬ್ಬ ಹುಡುಗಿ, ಬೇಗಂ ಬಜಾರಿನಲ್ಲಿ ಕಣ್ಣೀರು ಹಾಕಿದವಳೇ.

ವಿಡಿಯೊದಲ್ಲಿ ಮೌಶಿ ಒಲೆಯ ಮುಂದೆ ಬೆವರುತ್ತಾ ರೊಟ್ಟಿ ಬಡಿಯುತ್ತಿದ್ದಾಳೆ. ಹಿಂದೆ ಕುರ್ಚಿಯಲ್ಲಿ ಸೊಸೆ, ಕೈಯಲ್ಲಿ ಫೋನು. ಪ್ರಶ್ನೆಗಳು ಕೇಳಿಸುತ್ತವೆ, ಮೌಶಿಯ ಹೌದ್ರಿ ಇಲ್ಲಿನ ಹಿಂದಿಯಲ್ಲಿ ಹೌ ಜೀ ಆಗುತ್ತದೆ. ನಿಮಗೆ ದಣಿವಾಗುತ್ತದೆಯೇ? "ಹೌ ಜೀ." ಸೊಸೆ ಒಲೆಯ ಕೆಲಸ ಮಾಡುವುದಿಲ್ಲವೇ? "ಹೌ ಜೀ, ಹೌ." ಈ ವಯಸ್ಸಿನಲ್ಲಿ ಕೂತು ಉಣ್ಣಬೇಕು ಅನ್ನಿಸುವುದಿಲ್ಲವೇ? "ಹೌ ಜೀ." ಮನೆಯವರು ಮಾಡಿಸುತ್ತಾರೆಂದು ಮಾಡುತ್ತಿದ್ದೀರಾ? ಮೌಶಿ ನಗುತ್ತಾ ಇನ್ನೊಂದು ರೊಟ್ಟಿಯನ್ನು ಚಿನ್ನದ ಕೂದಲಿನವಳ ತಟ್ಟೆಗೆ ಹಾಕಿ, "ಹೌ ಮಾ, ಹೌ. ಖಾವ್." ಆ ನಗುವಿನ ಹಿಂದೆ ನೋವಿದೆ ಎಂದು ಹುಡುಗಿಯ ಧ್ವನಿ ವಿವರಿಸುತ್ತದೆ. ಬೆಳಗಿನಿಂದ ಸಂಜೆಯವರೆಗೆ ದುಡಿಯುವ ಅತ್ತೆ, ಫೋನು ಕೆಳಗಿಡದ ಸೊಸೆ, ಇದು ಈ ನಗರದ ಮುಚ್ಚಿದ ಬಾಗಿಲುಗಳ ಹಿಂದಿನ ಕಥೆ ಅಂತೆ. ಆ ಬಾಗಿಲು ಮುಚ್ಚಿದ್ದನ್ನು ನಾನೊಂದು ದಿನವೂ ಕಂಡಿಲ್ಲ. ಸೊಸೆ ಅದೇ ಫೋನಿನಲ್ಲಿ ಆರ್ಡರ್ ಬರೆದುಕೊಳ್ಳುತ್ತಿದ್ದಳು. ಅವಳಿಗೆ ಒಂದೇ ಒಂದು ಪ್ರಶ್ನೆ ಕೇಳಿರಲಿಲ್ಲ, ಚಹಾ ತಂದುಕೊಟ್ಟವಳೇ ಅವಳಾದರೂ.

ಉಂಡ ಮನೆಯ ಜಂತೆ ಎಣಿಸಿದವರು ಅಂದರೆ ಇವರೇ. ಎಣಿಸಿದ್ದೂ ತಪ್ಪು ಲೆಕ್ಕ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಅಕ್ಷರ ಬಾರದ ಮುದುಕಿಯರು ಹೇಳುತ್ತಾರೆ. ಇದನ್ನು ಕಲಿಯಲು ವಿಮಾನ ಹತ್ತಬೇಕಾಗಿಲ್ಲ.

ನಮ್ಮ ಕಾಲೇಜು ಆ ವಿಡಿಯೊವನ್ನು ಹೆಮ್ಮೆಯಿಂದ ಹಂಚಿತು. ಅಲ್ಲಿಂದ ಅದು ಕಾಲೊನಿಯ ವಾಟ್ಸ್ಯಾಪಿಗೆ ಬಂತು. ಇಂಗ್ಲಿಷ್ ಬಾರದವರಿಗೆ ಬರುವವರು ಉಪ್ಪುಖಾರ ಹಚ್ಚಿ ತಿಳಿಸಿದರು. ಕೆಳಗಿನ ಮನೆಯಾಕೆ ಮೆಟ್ಟಿಲ ಮೇಲೆ ಸೊಸೆಯನ್ನು ತಡೆದು, ಮುದುಕಿಯನ್ನು ಸ್ವಲ್ಪ ಚೆನ್ನಾಗಿ ನೋಡಿಕೋ ಎಂದು ತೆಲುಗಿನಲ್ಲಿ ಬುದ್ಧಿ ಹೇಳಿದಳಂತೆ. ನಾನು ಹೋದಾಗ ಸೊಸೆಯ ಕಣ್ಣು ಊದಿದ್ದವು.

"ಅಕ್ಕಾರ, ಅಂಗಡಿ ಬಾಗಲಾ ತೆಗದ್ರ ಮಂದಿ ರೊಟ್ಟಿ ತಗೊಳ್ಳಾಕ ಬರೂದಿಲ್ಲ, ನನ್ನ ಮಾರಿ ನೋಡಾಕ ಬರ್ತಾರ" ಎಂದಳು.

ನಾನು ಮೌಶಿಗೆ ಬೈದೆ. "ಎಲ್ಲಾದಕ್ಕೂ ಹೌದು ಅಂದ್ಯಲ್ಲ ಮೌಶಿ, ಇಲ್ಲ ಅನ್ನಾಕ ನಿನಗೇನ್ ಧಾಡಿ ಆಗಿತ್ತು?"

"ಆ ಹುಡುಗಿ ಬಾಯಾಗ ರೊಟ್ಟಿ ಇತ್ತಲೇ. ಹ್ಯಾಂಗ ಅನ್ನೂದು ಇಲ್ಲಂತ?"

ವಿದ್ಯಾರ್ಥಿಗಳ ಜೊತೆ ಬಂದ ಪ್ರೊಫೆಸರನ ಬಳಿ ಹೋಗಿ, ಜಾಲತಾಣದಿಂದ ಆ ವಿಡಿಯೊ ತೆಗೆಸಿ ಎಂದೆ. ಅವನು ತಲೆ ವಾಲಿಸಿ, ಬಹಳ ಮೃದುವಾಗಿ, ಅದು ಆ ತಾಯಿಯ ಸ್ವಂತ ಧ್ವನಿ, ಅದನ್ನು ಅಡಗಿಸಲು ನಾವು ಯಾರು ಎಂದ. ನನಗೆ ಮೈ ಉರಿಯಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ, ಮೇಲೆ ಎತ್ತಿನ ಸ್ವಂತ ಧ್ವನಿ ಬೇರೆ! ಬಹಳ ಹೊತ್ತು ವಾದ ಮಾಡಿದ ಮೇಲೆ ಒಂದು ಮಾತಿಗೆ ಒಪ್ಪಿದ. ರಿಫ್ಲೆಕ್ಷನ್ ದಿನ ಆ ತಾಯಿಯನ್ನು ಕರೆಸೋಣ. ಎಲ್ಲರೆದುರು ಅವರೇ ತಪ್ಪು ಅಂದರೆ ತೆಗೆಯುತ್ತೇವೆ.

ಸೊಸೆ ಮೌಶಿಯ ಮುಂದೆ ಕೂತು ಕೇಳಿದ್ದು ಅಷ್ಟನ್ನೇ. "ನಾಕ್ ಮಂದಿ ಮುಂದ ಒಂದ ಮಾತ ಹೇಳ್ರಿ ಅತ್ತ್ಯಾರ. ನನ್ನ ಸೊಸಿ ಅಂಥಾಕಿ ಅಲ್ಲಂತ. ಸಾಕು ನನಗ."

"ಹೇಳತೀನಲ್ಲವಾ. ಅದೇನ್ ದೊಡ್ಡ ಮಾತು" ಎಂದಳು ಮೌಶಿ.

ಹೀಗೆ ಆ ದಿನ ಮೌಶಿ ಇಳಕಲ್ ಸೀರೆ ಉಟ್ಟು ಮೊದಲ ಸಾಲಿನಲ್ಲಿ ಕೂತಿದ್ದಳು, ಪಕ್ಕದಲ್ಲಿ ಸೊಸೆ. ಕಾಲೊನಿಯ ಕೆಲವರು ಸಹ ಬಂದಿದ್ದರು, ಇಂಥದ್ದಕ್ಕೆ ಕರೆಯಬೇಕೇ? ಕೊನೆಗೆ ಚಿನ್ನದ ಕೂದಲಿನವಳನ್ನು ಮತ್ತೆ ವೇದಿಕೆಗೆ ಕರೆದರು. ಪತ್ರಿಕೋದ್ಯಮ ಎಂದರೆ ಪ್ರೀತಿ ಎಂದು ಈ ಊರಿನಲ್ಲಿ ತಿಳಿದುಕೊಂಡೆ ಎಂದಳು. ಹೌದವ್ವಾ, ನಮ್ಮ ಸಂಪಾದಕರು ಇದ್ದಿದ್ದರೆ ನಿನ್ನ ಪ್ರೀತಿಯನ್ನು ಕಸದ ಬುಟ್ಟಿಗೆ ಹಾಕುತ್ತಿದ್ದರು. ಪ್ರಿನ್ಸಿಪಾಲರು ಮೌಶಿಯನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ಕನ್ನಡ ಬರುವವಳೆಂದು ಮೈಕು ನನ್ನ ಕೈಗೆ ಬಂತು.

ಹುಡುಗಿ ಮೌಶಿಯ ಎರಡೂ ಕೈ ಹಿಡಿದುಕೊಂಡಳು. ಅಳು ಶುರುವಾಗಿತ್ತು, ಈ ಸಲ ಮೆಣಸಿನಕಾಯಿ ಇರಲಿಲ್ಲ. ಇವತ್ತೇ ಊರಿಗೆ ಹೊರಡುತ್ತಿದ್ದೇನೆ, ನಿಮ್ಮನ್ನು ಮರೆಯುವುದಿಲ್ಲ, ನಿಮ್ಮ ಕಥೆಯನ್ನು ನಾನು ಸರಿಯಾಗಿ ಹೇಳಿದ್ದೇನೆಯೇ ಎಂದು ಕೇಳಿದಳು. ನಾನು ಪ್ರಶ್ನೆಯನ್ನು ಕನ್ನಡದಲ್ಲಿ ಬಿಡಿಸಿ ಹೇಳಿದೆ. ಮೌಶಿಗೆ ಅರ್ಥವಾಗದೆ ಇರಲಿಲ್ಲ. ಅವಳು ಕೆಳಗೆ ಕೂತ ಸೊಸೆಯನ್ನು ನೋಡಿದಳು. ಅಳುತ್ತಿದ್ದ ಹುಡುಗಿಯನ್ನು ನೋಡಿದಳು. ಸೆರಗಿನಿಂದ ಅವಳ ಕೆನ್ನೆ ಒರೆಸಿದಳು.

"ಹೌದವಾ ತಾಯಿ. ಛಲೋ ಹೇಳೀದಿ" ಎಂದಳು.

ನಾನು ಮೈಕಿನಲ್ಲಿ ಇಂಗ್ಲಿಷಿನಲ್ಲಿ ಹೇಳಿದೆ: "ಇಲ್ಲ. ಅದರಲ್ಲಿ ಒಂದು ಮಾತೂ ನಿಜವಲ್ಲ. ನನ್ನ ಸೊಸೆ ಅಂಥವಳಲ್ಲ. ನೀವು ಅವಳನ್ನು ಒಂದು ಮಾತು ಕೇಳಬೇಕಿತ್ತು ಅನ್ನುತ್ತಿದ್ದಾರೆ."

ಪ್ರಿನ್ಸಿಪಾಲರ ಹಲ್ಲು ಒಳಗೆ ಹೋದವು. ಹುಡುಗಿ ಇನ್ನೂ ಜೋರಾಗಿ ಅತ್ತಳು. ಪ್ರೊಫೆಸರ್ ಎದ್ದು, ಇದು ಬಹಳ ಕಷ್ಟದ, ಬಹಳ ಸುಂದರವಾದ ಕಲಿಕೆ ಎಂದ. ಇವರ ಬಾಯಿಗೆ ಹಾಕಿದ ಬೇವೂ ಬೆಲ್ಲವೇ. ಆದರೂ ಮಾತಿಗೆ ತಪ್ಪಲಿಲ್ಲ, ಅಲ್ಲೇ ಫೋನು ಮಾಡಿ ಜಾಲತಾಣದಿಂದ ವಿಡಿಯೊ ಅಳಿಸಿ ಹಾಕಿಸಿದ. ಕೆಳಗಿನ ಮನೆಯಾಕೆ ಸೊಸೆಯ ಬೆನ್ನು ಸವರಿದಳು. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಅಷ್ಟು ಶುದ್ಧ ಸುಳ್ಳು ಹೇಳಿರಲಿಲ್ಲ, ಹೇಳಿದ್ದಕ್ಕೆ ಎಳ್ಳಷ್ಟೂ ಬೇಜಾರಿರಲಿಲ್ಲ.

ಆದರೆ ಸೊಸೆಗೆ ಕನ್ನಡವೂ ಬರುತ್ತದೆ, ಇಂಗ್ಲಿಷೂ ಬರುತ್ತದೆ.

ವಾಪಸು ಹೋಗುವಾಗ ಕ್ಯಾಬಿನಲ್ಲಿ ಮೌಶಿ ಮುಂದೆ, ನಾವಿಬ್ಬರು ಹಿಂದೆ. ಗಚ್ಚಿಬೌಲಿಯ ಟ್ರಾಫಿಕ್ಕಿನಲ್ಲಿ ಗಾಡಿ ನಿಂತಲ್ಲೇ ನಿಂತಿತ್ತು. ಎಲ್ಲ ಮುಗೀತಲ್ಲ ತಂಗಿ, ಇನ್ನು ಅಂಗಡಿ ಶುರು ಮಾಡ್ರಿ ಎಂದೆ. ಅವಳು ಕಿಟಕಿಯ ಕಡೆ ನೋಡುತ್ತಾ ಮೆಲ್ಲಗೆ, "ನೀವ್ ಹೇಳಿದ್ರಿ ಅಕ್ಕಾರ. ಅವರ್ ಹೇಳಲಿಲ್ಲ" ಎಂದಳು.

ಮೌಶಿಗೆ ಕೇಳಿಸಿತು. "ಹೊಂಟು ನಿಂತ ಹುಡುಗಿ, ಅಳಾಕತ್ತಿತ್ತು" ಎಂದು ತನ್ನಷ್ಟಕ್ಕೇ ಗೊಣಗಿದಳು. ಶಾಲನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ಆಮೇಲೆ ದನಿ ಏರಿಸಿ, "ನಾಳಿ ಬೇಗಂ ಬಜಾರಕ್ಕ ಹೋಗೂಣು. ನಮ್ಮ ಸೇಠ್‌ನ ಕಡೇನ ಒಂದ್ ಚೀಲ ಜ್ವಾಳ ತರೂಣು, ಅಂಗಡಿಗೆ ಬೇಕಾಕ್ಕಾವ. ಏನಂತಿ?" ಎಂದಳು.

"ಹೌದ್ರಿ" ಎಂದಳು ಸೊಸೆ.

ಮೌಶಿ ಸೀಟಿನಲ್ಲಿ ಪೂರ್ತಿ ಹಿಂದಕ್ಕೆ ತಿರುಗಿದಳು. "ಯಾಕವಾ? ಅಂವ ಹಳೇದ್ ಹಾಕತಾನ ಅಂತಿದ್ದೆಲ್ಲ? ಬ್ಯಾಡ ಅನ್ನು."

"ಇರಲಿ ಬಿಡ್ರಿ, ಛಲೋನ ಇರ್ತಾವ" ಎಂದು ಸೊಸೆ, ಬಂದವರ ಮುಂದೆ ಮೌಶಿ ನಗುವ ಹಾಗೆಯೇ, ನಕ್ಕಳು. "ನೀವ್ ಹೇಳಿದ್ದ ಖರೆ. ಹೌದ್ರಿ ಅತ್ತ್ಯಾರ."